ಎರಡು ಮಾದರಿ, ಒಂದು ಮುಯ್ಯಾಳು

ಸುಲೋಚನಮ್ಮ ಯಾರೊಡನೆಯೂ ಕೂಡಿ ಕೆಲಸ ಮಾಡಲಾರದ ಹೆಂಗಸು. ಇದು ಆಗದವರು ಹಬ್ಬಿಸಿದ ಮಾತಲ್ಲ. ಆಲೂರಿನಲ್ಲಿ ಅವಳನ್ನು ಬಲ್ಲ ಯಾರನ್ನು ಕೇಳಿದರೂ, ಅವಳನ್ನೇ ಕೇಳಿದರೂ, ಇದೇ ಉತ್ತರ ಬರುತ್ತಿತ್ತು. ಅಂಥವಳು ಮೂವತ್ತನಾಲ್ಕು ವರ್ಷ ಮೈಸೂರಿನ ಶಿಕ್ಷಕರ ಕಾಲೇಜೊಂದರಲ್ಲಿ ಪಾಠ ಹೇಳಿದ್ದು, ಡಾಕ್ಟರೇಟು ಪಡೆದದ್ದು, ವಿದ್ವಾಂಸಳೆನಿಸಿಕೊಂಡದ್ದು ಎಲ್ಲವೂ ಒಂದೇ ವಿಷಯದಲ್ಲಿ: ಗುಂಪಿನಲ್ಲಿ ಕೂಡಿ ಕಲಿಯುವುದು ಹೇಗೆ.

ಈ ವಿಷಯದ ಮೇಲೆ ಅವಳು ಎರಡು ಗಂಟೆ ನಿಲ್ಲದೆ ಉಪನ್ಯಾಸ ಕೊಡುತ್ತಿದ್ದಳು. ಆ ಎರಡು ಗಂಟೆಯಲ್ಲಿ ಪಕ್ಕದವರ ಜೊತೆ ಪಿಸುಗುಟ್ಟಿದ ವಿದ್ಯಾರ್ಥಿಯನ್ನು ಎಬ್ಬಿಸಿ ಹೊರಗೆ ನಿಲ್ಲಿಸುತ್ತಿದ್ದಳು. ಒಮ್ಮೆ ಸಹೋದ್ಯೋಗಿ ಮಹಾದೇವಯ್ಯನವರ ಜೊತೆ ಸೇರಿ ಒಂದು ಲೇಖನ ಬರೆಯಬೇಕಾಗಿ ಬಂತು. ಅವರು ಕೊಟ್ಟ ಹನ್ನೆರಡು ಪುಟಗಳನ್ನು ಮನೆಗೆ ತಂದು ‘ಸ್ವಲ್ಪ’ ತಿದ್ದಿದಳು. ಅಚ್ಚಾಗಿ ಬಂದಾಗ ಅದರಲ್ಲಿ ಮಹಾದೇವಯ್ಯನವರದೆಂದು ಉಳಿದಿದ್ದು ಅವರ ಹೆಸರು ಮಾತ್ರ. ಆಮೇಲೆ ಅವರು ವರಾಂಡದಲ್ಲಿ ಎದುರಾದಾಗಲೆಲ್ಲ ಕೈಮುಗಿದು ದಡಬಡನೆ ಹೋಗಿಬಿಡುತ್ತಿದ್ದರು. ಅದನ್ನು ಅವಳು ಬಹಳ ಕಾಲ ಗೌರವವೆಂದೇ ತಿಳಿದಿದ್ದಳು.

ನಿವೃತ್ತಿಯಾದ ಮೇಲೆ ಗಂಡನ ಊರಾದ ಆಲೂರಿಗೆ ಬಂದು ನೆಲೆಸಿದಳು. ಗಂಡ ಪರಮಶಿವಯ್ಯನವರು ತಮ್ಮನ ಬಟ್ಟೆ ಅಂಗಡಿಯಲ್ಲಿ ಹಗಲು ಕಳೆದು ಸಂಜೆ ಅಡುಗೆಮನೆಗೆ ಬರುತ್ತಿದ್ದರು. ಬಂದವರಿಗೆ ಅಲ್ಲಿ ಕೆಲಸವಿರುತ್ತಿರಲಿಲ್ಲ.

“ನೀನು ಕೂಡಿ ಕಲೀಬೇಕು ಅಂತ ಪುಸ್ತಕ ಬರೀತೀಯ, ನಾನು ಹುಳಿಗೆ ಉಪ್ಪು ಹಾಕಕ್ಕೆ ಬಂದ್ರೆ ಕೈ ಮೇಲೆ ಹೊಡೀತೀಯ. ಆ ಪುಸ್ತಕ ಯಾರಿಗೆ ಬರ್ದಿದ್ದು ಮಾರಾಯ್ತಿ?”

“ಬೇರೆಯವರಿಗೆ,” ಎಂದಳು ಸುಲೋಚನಮ್ಮ. ಅವಳು ಸುಳ್ಳು ಹೇಳುವವಳಲ್ಲ.

ಎರಡು ಸಾವಿರದ ಆರರ ಕೊನೆಯಲ್ಲಿ ಮೈಸೂರಿನ ಒಂದು ಸಂಸ್ಥೆ ಹಳ್ಳಿಯ ಪ್ರಾಥಮಿಕ ಶಾಲೆಯ ಶಿಕ್ಷಕರಿಗಾಗಿ ಅಂತರ್ಜಾಲದ ಮೂಲಕ ಒಂದು ತರಬೇತಿ ಶುರುಮಾಡಿತು. ಮೂರು ಮೂರು ಜನರ ಗುಂಪು. ಪ್ರತಿಯೊಬ್ಬರೂ ತಮ್ಮ ತರಗತಿಯಲ್ಲಿ ಒಂದೊಂದು ಪಾಠ ಮಾಡಿ ನೋಡಿ, ಅದರ ಬಗ್ಗೆ ಉಳಿದಿಬ್ಬರ ಜೊತೆ ಕಂಪ್ಯೂಟರಿನಲ್ಲೇ ಬರೆದು ಚರ್ಚೆ ಮಾಡಬೇಕು. ಪಾಸಾದವರ ಶಾಲೆಗೆ ಒಂದು ಕಂಪ್ಯೂಟರ್ ಬರುತ್ತದೆ. ಸಕಲೇಶಪುರದ ಗುಂಪಿಗೆ ಮೌಲ್ಯಮಾಪಕಿಯಾಗಿ ಸುಲೋಚನಮ್ಮನನ್ನು ಹಾಕಿದರು. ಅವಳು ಒಪ್ಪಿದ್ದು ಶಿಕ್ಷಕರ ಮೇಲಿನ ಪ್ರೀತಿಯಿಂದೇನೂ ಅಲ್ಲ. ಅವಳ ತಲೆಯಲ್ಲಿ ಬೇರೆಯೇ ಒಂದು ದೊಡ್ಡ ಕೆಲಸವಿತ್ತು.

ಜನ ಕೂಡಿ ಕಲಿಯುವುದನ್ನು ಕಂಪ್ಯೂಟರಿಗೆ ತಿಳಿಯುವ ಹಾಗೆ ಬರೆದಿಡುವುದು ಹೇಗೆ ಎಂಬ ಬಗ್ಗೆ ಆಗ ವಿದ್ವಾಂಸರಲ್ಲಿ ಎರಡು ಪಂಗಡಗಳಿದ್ದವು. ಮೊದಲನೆಯವರು ಅದನ್ನು ನಾಟಕದ ಹಾಗೆ ಮೊದಲೇ ಬರೆದಿಡುತ್ತಿದ್ದರು. ಒಬ್ಬರು ಪ್ರಶ್ನೆ ಕೇಳುವವರು, ಒಬ್ಬರು ಆಕ್ಷೇಪ ಎತ್ತುವವರು, ಒಬ್ಬರು ಸಾರಾಂಶ ಹೇಳುವವರು. ಒಂದು ಅಂಕ ಮುಗಿಯದೆ ಮುಂದಿನ ಅಂಕದ ಪರದೆ ಏಳುವುದಿಲ್ಲ. ಎರಡನೆಯವರು ಮೊದಲು ಏನನ್ನೂ ಹೇಳುತ್ತಿರಲಿಲ್ಲ. ಜನ ತಮಗೆ ತೋಚಿದ ಹಾಗೆ ಮಾತಾಡಲಿ, ಯಾರು ಯಾರಿಗೆ ಎಷ್ಟು ಸಲ ಉತ್ತರ ಕೊಟ್ಟರು ಎಂಬ ಜಾಡು ಹಿಡಿದು ಆಮೇಲೆ ಚಿತ್ರ ಬರೆದರಾಯಿತು ಎನ್ನುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಚುಕ್ಕೆ, ಮಾತಿಗೊಂದು ಗೆರೆ. ಹೆಚ್ಚು ಗೆರೆ ಸೇರಿದ ಚುಕ್ಕೆ ಹೆಚ್ಚು ಕಲಿತ ಚುಕ್ಕೆ.

ಇವೆರಡರಲ್ಲಿ ಯಾವುದು ಮೇಲು ಎಂದು ಸುಲೋಚನಮ್ಮ ಒಂದೇ ಗುಂಪಿನ ಮೇಲೆ ಎರಡನ್ನೂ ನಡೆಸಿ ತೀರ್ಪು ಕೊಡುವವಳಿದ್ದಳು. ಮೊದಲ ಆರು ವಾರ ನಾಟಕ, ಮುಂದಿನ ಆರು ವಾರ ಜಾಡು. ಏಪ್ರಿಲ್‌ನಲ್ಲಿ ಮೈಸೂರಿನ ವಿಚಾರಸಂಕಿರಣದಲ್ಲಿ ಓದುವ ಪ್ರಬಂಧಕ್ಕೆ ಶೀರ್ಷಿಕೆ ಕೂಡ ಆಗಲೇ ಸಿದ್ಧವಾಗಿತ್ತು. ಫಲಿತಾಂಶವೊಂದು ಬರಬೇಕಿತ್ತು, ಅಷ್ಟೆ.

ಗುಂಪಿನಲ್ಲಿದ್ದವರು ಮೂವರು. ಬೆಳಗೋಡಿನ ಕಡೆಯ ಶಾಂತಮಲ್ಲಪ್ಪ, ನಿವೃತ್ತಿಗೆ ನಾಲ್ಕು ವರ್ಷ ಉಳಿದ ಮೇಷ್ಟ್ರು. ವನಗೂರಿನ ವಸಂತ, ಕೆಲಸಕ್ಕೆ ಸೇರಿ ಐದು ವರ್ಷವಾದ ಟೀಚರು. ಹೆಗ್ಗದ್ದೆಯ ಚೆಲುವಮ್ಮ, ಹತ್ತೊಂಬತ್ತು ಮಕ್ಕಳ ಶಾಲೆಗೆ ಒಬ್ಬಳೇ ಟೀಚರು. ಚೆಲುವಮ್ಮ ತನ್ನ ಅರ್ಜಿಯ ಕೆಳಗೆ ಯಾರೂ ಕೇಳದಿದ್ದರೂ ಒಂದು ಸಾಲು ಸೇರಿಸಿದ್ದಳು: ಕಂಪ್ಯೂಟರ್ ಇಡಲು ಊರವರು ಶಾಲೆಯ ಒಳಗೆ ಒಂದು ಕಲ್ಲಿನ ಕಟ್ಟೆ ಕಟ್ಟಿಕೊಟ್ಟಿದ್ದಾರೆ, ಮಕ್ಕಳು ಅದರ ಮೇಲೆ ಈಗಿನಿಂದಲೇ ಯಾರನ್ನೂ ಕೂರಲು ಬಿಡುತ್ತಿಲ್ಲ. ಸುಲೋಚನಮ್ಮ ಆ ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ ‘ಉತ್ಸಾಹ ಹೆಚ್ಚು’ ಎಂದು ಬರೆದಿಟ್ಟಿದ್ದಳು.

ವಾರ ವಾರ ಅವಳ ಕಂಪ್ಯೂಟರಿಗೆ ಬಂದದ್ದು ನೋಡಿದರೆ ತಲೆ ಕೆಡುವ ಹಾಗಿತ್ತು. ನಾಟಕದ ಮೊದಲ ವಾರ ಶಾಂತಮಲ್ಲಪ್ಪ ಪ್ರಶ್ನೆ ಕೇಳಿದ್ದ. ಅದಕ್ಕೆ ಶಾಂತಮಲ್ಲಪ್ಪನೇ ಆಕ್ಷೇಪ ಎತ್ತಿದ್ದ. ‘ನಿಮಗೆ ಮಕ್ಕಳ ಕಷ್ಟ ತಿಳಿಯಲ್ಲ’ ಎಂದು ಶಾಂತಮಲ್ಲಪ್ಪ ಶಾಂತಮಲ್ಲಪ್ಪನನ್ನು ಗದರಿದ್ದ. ಕೊನೆಗೆ ಶಾಂತಮಲ್ಲಪ್ಪ ಇಬ್ಬರಿಗೂ ಸಮಾಧಾನ ಹೇಳಿ ಸಾರಾಂಶ ಬರೆದಿದ್ದ. ಮುಂದಿನ ವಾರ ಇದೇ ಜಗಳ ವಸಂತ ಮತ್ತು ವಸಂತಳ ನಡುವೆ ನಡೆದಿತ್ತು. ಜಾಡಿನ ಮಾದರಿಗೆ ಬಂದ ಮೇಲೂ ಅದೇ ಕಥೆ: ಚಿತ್ರದಲ್ಲಿ ಒಂದೊಂದು ಚುಕ್ಕೆಯಿಂದ ಹೊರಟ ಗೆರೆಗಳೆಲ್ಲ ಸುತ್ತಿ ಬಂದು ಅದೇ ಚುಕ್ಕೆಗೆ ಸೇರುತ್ತಿದ್ದವು. ಹನ್ನೊಂದು ವಾರದಲ್ಲಿ ಒಟ್ಟು ನೂರ ಅರವತ್ತನಾಲ್ಕು ಮಾತು. ಶಾಂತಮಲ್ಲಪ್ಪನದು ತೊಂಬತ್ತೊಂದು, ವಸಂತಳದು ಎಪ್ಪತ್ತಮೂರು. ಚೆಲುವಮ್ಮನ ಹೆಸರಿನಲ್ಲಿ ಒಂದೂ ಇಲ್ಲ.

ಸುಲೋಚನಮ್ಮನಿಗೆ ಸಂಶಯವೇ ಉಳಿಯಲಿಲ್ಲ. ಮೊದಲಿನಿಬ್ಬರು ಎಲ್ಲ ಪಾತ್ರವನ್ನೂ ತಾವೇ ಆಡಿ ಅವಳ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ. ಮೂರನೆಯವಳು ಅಷ್ಟು ಶ್ರಮವನ್ನೂ ತೆಗೆದುಕೊಳ್ಳದೆ ಬರಿಗೈಯಲ್ಲಿ ಕಂಪ್ಯೂಟರ್ ಹೊಡೆಯಲು ಕಾದಿದ್ದಾಳೆ. ವರದಿಯಲ್ಲಿ ಬರೆದಳು: ‘ಚೆಲುವಮ್ಮ. ಕೊಡುಗೆ: ಸೊನ್ನೆ. ಪಾಸು ಮಾಡಲು ಯೋಗ್ಯಳಲ್ಲ.’ ಅದು ಸೋಮವಾರ ಅಂಚೆಗೆ ಹೋಗಬೇಕು. ಅದಕ್ಕೆ ಮೊದಲು, ಶನಿವಾರ, ಯಾರಿಗೂ ಹೇಳದೆ ಸಕಲೇಶಪುರದ ಬಸ್ಸು ಹತ್ತಿದಳು. ಕಳ್ಳರನ್ನು ಕೈಯಾರೆ ಹಿಡಿಯುವ ಸುಖವನ್ನು ಅವಳು ಯಾವತ್ತೂ ಬೇರೆಯವರಿಗೆ ಬಿಟ್ಟುಕೊಟ್ಟವಳಲ್ಲ.

ತರಬೇತಿಯ ಕೋಣೆ ಬಸ್ ನಿಲ್ದಾಣದ ಹತ್ತಿರ, ಒಂದು ಪಾತ್ರೆ ಅಂಗಡಿಯ ಮಹಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗಲೇ ಮೇಲಿನ ಗದ್ದಲ ಕೇಳಿಸಿತು.

“ಹಂಗ್ ಬರೀಬ್ಯಾಡಿ ಮೇಷ್ಟ್ರೇ. ಎಲ್ಲಾ ಮಕ್ಳಿಗೂ ಅರ್ಥ ಆಯ್ತು ಅಂದ್ರೆ ಸುಳ್ಳಾಯ್ತದೆ. ಅರ್ಧ ಜನಕ್ಕೆ ಆಗಿಲ್ಲ.”

“ಅರ್ಧ ಅಂದ್ರೆ ಎಷ್ಟು ಚೆಲುವಕ್ಕ? ನಿನ್ ಬಾಯಲ್ಲಿ ಎಲ್ಲಾ ಅರ್ಧನೇ.”

“ಏಳು ಜನ. ವಸಂತನ ಪುಸ್ತಕದಲ್ಲೇ ಐತೆ, ನೋಡ್ಕಳಿ.”

“ಆರು ಜನ ಚೆಲುವಕ್ಕ. ಒಬ್ಳು ಅವತ್ತು ಬಂದೇ ಇರ್ಲಿಲ್ಲ.”

“ತಡೀರೇ ಮಾರಾಯ್ತಿ, ಇಬ್ರೂ ಒಟ್ಟಿಗೆ ಒದರಬ್ಯಾಡಿ. ನಂದು ಓಡೋದು ಒಂದೇ ಬೆರಳು.”

ಬಾಗಿಲಲ್ಲಿ ನಿಂತ ಸುಲೋಚನಮ್ಮನಿಗೆ ಕಂಡದ್ದು ಇಷ್ಟು. ಮೂರು ಕಂಪ್ಯೂಟರುಗಳಲ್ಲಿ ಎರಡರ ಮೇಲೆ ಬಟ್ಟೆ ಹೊದಿಸಿತ್ತು. ಮೂರನೆಯದರ ಮುಂದೆ ಶಾಂತಮಲ್ಲಪ್ಪ ತೋರುಬೆರಳೊಂದನ್ನು ಎತ್ತಿಕೊಂಡು ಅಕ್ಷರ ಹುಡುಕುತ್ತಿದ್ದ. ವಸಂತ ತೊಡೆಯ ಮೇಲೆ ಮಕ್ಕಳ ಪುಸ್ತಕಗಳ ರಾಶಿ ಇಟ್ಟುಕೊಂಡು ಓದಿ ಹೇಳುತ್ತಿದ್ದಳು. ಇಬ್ಬರ ಹಿಂದೆ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ನಾಟಿಯ ದಿನ ಬದುವಿನ ಮೇಲೆ ನಿಲ್ಲುವ ಹಾಗೆ ನಿಂತಿದ್ದವಳು ಚೆಲುವಮ್ಮ. ಸುಲೋಚನಮ್ಮನನ್ನು ಕಂಡು ಮೂವರೂ ಮಕ್ಕಳ ಹಾಗೆ ಕೈಕಟ್ಟಿ ನಿಂತರು.

“ಯಾರ ಹೆಸರಿನಲ್ಲಿ ಬರೆಯುತ್ತಿದ್ದೀರಿ?”

“ವಸಂತನ ಹೆಸ್ರಲ್ಲಿ ಮೇಡಂ,” ಎಂದ ಶಾಂತಮಲ್ಲಪ್ಪ. “ಇವತ್ತು ಅವಳ ಮುಯ್ಯಿ.”

“ಏನು?”

“ಮುಯ್ಯಾಳು ಮೇಡಂ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ ಗದ್ದೆಗೆ ನೀವು, ಹಂಗೆ. ಮೂರೂ ಕಂಪ್ಯೂಟ್ರು ಹಾಕಿದ್ರೆ ನೆಟ್ ಸಾಲದೆ ಮೂರಲ್ಲೂ ಏನೂ ಬರಲ್ಲ, ಸುಮ್ನೆ ತಿರುಗ್ತಾನೇ ಇರ್ತದೆ. ಅದಕ್ಕೇ ಒಂದನ್ನೇ ಹಾಕಿ, ಯಾರ ಪಾಠವೋ ಅವರ ಹೆಸ್ರಲ್ಲಿ ತೆಗೆದು, ಮೂವರೂ ಸೇರಿ ಮುಗಿಸ್ತೀವಿ.”

ಸುಲೋಚನಮ್ಮ ಬಟ್ಟೆ ಹೊದಿಸಿದ ಎರಡು ಕಂಪ್ಯೂಟರುಗಳ ಕಡೆ ನೋಡಿದಳು. ಶಾಂತಮಲ್ಲಪ್ಪ ಶಾಂತಮಲ್ಲಪ್ಪನನ್ನು ಗದರಿದ್ದು ಹೇಗೆ ಎಂಬುದು ಈಗ ತಿಳಿಯಿತು. ಗದರಿದ ಗಂಟಲು ಯಾರದೆಂದೂ ತಿಳಿಯಿತು. ಹಾಗೆಂದು ಸೋಲು ಒಪ್ಪಿಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ.

“ಹಾಗಾದರೆ ಈ ಚೆಲುವಮ್ಮನವರ ಪಾಳಿ ಯಾವಾಗ ಬಂತು? ಹನ್ನೊಂದು ವಾರದಲ್ಲಿ ಇವರ ಹೆಸರಿನಲ್ಲಿ ಒಂದಕ್ಷರ ಇಲ್ಲವಲ್ಲ.”

“ನಂದಿನ್ನೂ ಹದಕ್ಕೆ ಬಂದಿಲ್ಲ ಮೇಡಂ,” ಎಂದಳು ಚೆಲುವಮ್ಮ. “ನನ್ ಶಾಲೇಲಿ ಹತ್ತೊಂಬತ್ತು ಮಕ್ಳು. ಅದ್ರಲ್ಲಿ ಹದಿನಾಲ್ಕು ಎಸ್ಟೇಟ್ ಕೂಲಿ ಲೈನಿನೋವು. ಕಾಫಿ ಹಣ್ ಕೊಯ್ಲು ಶುರುವಾದ್ರೆ ಅವ್ವನ ಹಿಂದೆ ತೋಟಕ್ಕೆ ಹೋಗ್ಬುಡ್ತವೆ. ಈಗ ಹದಿನೈದು ದಿನದಿಂದ ಬತ್ತಾವೆ. ಕಳೆಯೋ ಲೆಕ್ಕ ಈಗ ಹಿಡಿದಿದ್ದೀನಿ. ಕೆಸರೇ ಆಗದಿರೋ ಗದ್ದೆಗೆ ಆಳು ಕರೆದು ಏನ್ ಮಾಡ್ಲಿ? ಇವರದ್ದು ಮೊದ್ಲು ಆಗ್ಲಿ ಅಂದೆ.”

ಸುಲೋಚನಮ್ಮ ಚೀಲದಿಂದ ವರದಿ ತೆಗೆದು ಕೊಟ್ಟಳು. ಬಚ್ಚಿಡುವುದು ಅವಳ ಗುಣವಲ್ಲ. ಚೆಲುವಮ್ಮ ಕನ್ನಡಕ ಹಾಕಿಕೊಂಡು ಓದಿದಳು. ಮತ್ತೆ ಓದಿದಳು.

“ಸೊನ್ನೆನಾ? ಪ್ರತಿ ಶನಿವಾರ ಹೆಗ್ಗದ್ದೆಯಿಂದ ಬಸ್ಸಲ್ಲಿ ನಿಂತ್ಕಂಡು ಬಂದಿದ್ದೀನಿ. ನನ್ನ ಸೋಮಾರಿ ಅಂದ್ಕಂಡ್ರಾ ಮೇಡಂ?”

“ಅಂದುಕೊಂಡಿದ್ದೆ.”

“ನಾಲ್ಕು ಜನ ಸೇರಿ ನಾಟಿ ಮಾಡಿದ್ ಗದ್ದೇಲಿ, ಯಾವ್ ಸಸಿ ಯಾರು ನೆಟ್ಟಿದ್ದು ಅಂತ ಚೀಟಿ ಅಂಟಿಸ್ತಾರಾ?” ಚೆಲುವಮ್ಮನ ಧ್ವನಿ ಏರಲಿಲ್ಲ. ವರದಿಯನ್ನು ಮಡಿಸಿ ಮೇಜಿನ ಮೇಲಿಟ್ಟಳು. “ಸೊನ್ನೆ ಅಂದ್ರೆ ಅನ್ನಿ. ಆ ಕಟ್ಟೆ ಮುಂದೆ ನಿಂತು ಮಕ್ಳಿಗೆ ಏನ್ ಹೇಳ್ಲಿ, ಅದನ್ನೂ ಹೇಳ್ಕೊಟ್ಟುಬಿಡಿ.”

ಮೂವತ್ತನಾಲ್ಕು ವರ್ಷ ಪಾಠ ಹೇಳಿದವಳಿಗೆ ಅದೊಂದನ್ನು ಹೇಳಿಕೊಡಲು ಬರಲಿಲ್ಲ. ಆದರೆ ವಿದ್ವಾಂಸರಿಗೆ ಇಂಥ ಹೊತ್ತಿನಲ್ಲಿ ಒದಗಿ ಬರುವ ಉಪಾಯವೊಂದು ಅವಳಲ್ಲಿತ್ತು: ಮಾಹಿತಿಯನ್ನು ಮತ್ತೆ ವಿಂಗಡಿಸುವುದು. ನೂರ ಅರವತ್ತನಾಲ್ಕು ಮಾತುಗಳ ಕಾಗದಗಳನ್ನು ಮೇಜಿನ ಮೇಲೆ ಹರಡಿ, ಕೆಂಪು ಪೆನ್ಸಿಲ್ ಹಿಡಿದು ಕೂತಳು. ಒಂದೊಂದು ಮಾತನ್ನೂ ನಿಜವಾಗಿ ಆಡಿದವರು ಯಾರೆಂದು ಹೇಳಿದರೆ ಸಾಕು, ಚೆಲುವಮ್ಮನ ಪಾಲು ಎಷ್ಟೆಂದು ಸಂಜೆಯೊಳಗೆ ತೆಗೆದುಬಿಡುತ್ತೇನೆ ಎಂದಳು. ವಸಂತಳ ಪಾಠ ಅರ್ಧಕ್ಕೆ ನಿಂತಿತು. “ನಂದು ಮುಂದಿನ ವಾರ ಆಯ್ತದೆ ಮೇಡಂ, ಇವತ್ತು ನಿಮ್ ಮುಯ್ಯಿ ಮಾಡಣ,” ಎಂದಳು ಅವಳು. ತನಗೆ ಯಾರ ಮುಯ್ಯಿಯೂ ಬೇಕಿಲ್ಲ, ಮಾಹಿತಿ ಬೇಕು ಎಂದು ಸುಲೋಚನಮ್ಮ ಸ್ಪಷ್ಟಪಡಿಸಿದಳು.

ಮೊದಲ ಮಾತನ್ನು ಓದಿದಳು: ‘ಮಕ್ಕಳು ಪುಸ್ತಕ ನೋಡಿ ಓದುವುದಿಲ್ಲ, ಪಕ್ಕದವರ ಬಾಯಿ ನೋಡಿ ಓದುತ್ತಾರೆ.’

“ಅದು ಚೆಲುವಕ್ಕ ಹೇಳಿದ್ದು,” ಎಂದ ಶಾಂತಮಲ್ಲಪ್ಪ.

“ಅಯ್ಯೋ ನಂದಲ್ಲಪ್ಪ. ವಸಂತ ಅಂದಿದ್ದು.”

“ನಾನು ಅಂದಿದ್ದು ಕಣ್ ನೋಡಿ ಅಂತ. ಬಾಯಿ ಅಂತ ಮೇಷ್ಟ್ರು ತಿದ್ದಿದ್ರು.”

“ನಾನೆಲ್ಲಿ ತಿದ್ದಿದ್ದು? ಚೆಲುವಕ್ಕ ನಗಾಡಿದ್ಳು, ಅದಕ್ಕೆ ಬದಲಾಯ್ಸಿದೆ.”

“ನಕ್ಕಿದ್ದನ್ನ ಎಲ್ಲಿ ಬರ್ಕತೀರಿ ಮೇಡಂ?” ಎಂದು ಕೇಳಿದಳು ವಸಂತ, ನಿಜವಾಗಿಯೂ ತಿಳಿಯುವ ಆಸೆಯಿಂದ.

ಬರೆದುಕೊಳ್ಳಲು ಯಾವ ಮಾದರಿಯಲ್ಲೂ ಜಾಗವಿರಲಿಲ್ಲ. ಮೂವರೂ ತಮ್ಮ ಮಾತನ್ನು ಇನ್ನೊಬ್ಬರ ಕೊರಳಿಗೆ ಕಟ್ಟಲು ಹಟ ಹಿಡಿದು ಜಗಳವಾಡಿದರು. ಕಾಲೇಜಿನಲ್ಲಿ ಅವಳು ಕಂಡಿದ್ದು ಇದರ ಉಲ್ಟಾ ಜಗಳವನ್ನು ಮಾತ್ರ; ಅದರಲ್ಲಿ ಅವಳೇ ಗೆಲ್ಲುತ್ತಿದ್ದಳು. ಐದು ಗಂಟೆಗೆ ಹೆಗ್ಗದ್ದೆಯ ಬಸ್ಸಿನ ಹೊತ್ತಾದಾಗ ಹತ್ತೊಂಬತ್ತು ಮಾತಿಗೆ ಹೆಸರು ಬಿದ್ದಿತ್ತು, ಅದರಲ್ಲಿ ಏಳರ ಮೇಲೆ ತಕರಾರಿತ್ತು.

ಭಾನುವಾರ ಇಡೀ ದಿನ ಅವಳು ಆಲೂರಿನ ಮನೆಯಲ್ಲಿ ಮೇಜು ಬಿಟ್ಟು ಏಳಲಿಲ್ಲ. ಪರಮಶಿವಯ್ಯನವರು ಎರಡು ಸಲ ಬಂದು ಇಣುಕಿದರು.

“ಏನಾಯ್ತು, ಯಾವುದು ಗೆದ್ದಿತು? ನಾಟಕವೋ ಜಾಡೋ?”

“ಎರಡೂ ಒಂದೇ ಕಡೆ ಎಡವಿವೆ ಕಣ್ರೀ.”

“ಅದು ಒಳ್ಳೇದಲ್ವಾ? ಒಂದಕ್ಕೊಂದು ಜೊತೆ ಆಯ್ತು.”

ಅವಳಿಗೆ ನಗು ಬರಲಿಲ್ಲ. ಎರಡು ಮಾದರಿಗಳೂ ಬೇರೆ ಎಲ್ಲದರಲ್ಲಿ ಕಿತ್ತಾಡುತ್ತಿದ್ದವು. ಒಂದು ಮೊದಲೇ ಹೇಳುತ್ತದೆ, ಇನ್ನೊಂದು ಆಮೇಲೆ ನೋಡುತ್ತದೆ. ಆದರೆ ಬಾಗಿಲಲ್ಲಿ ನಿಲ್ಲಿಸಿ ಕೇಳುವ ಮೊದಲ ಪ್ರಶ್ನೆ ಎರಡರದೂ ಒಂದೇ: ನಿನ್ನ ಹೆಸರೇನು? ಈ ಮೂವರು ಆ ಪ್ರಶ್ನೆಯನ್ನು ಕೇಳಿಕೊಂಡೇ ಇರಲಿಲ್ಲ. ಅವರು ಕೇಳಿಕೊಂಡದ್ದು ಇವತ್ತು ಯಾರ ಪಾಳಿ ಎಂದು. ಚೆಲುವಮ್ಮ ತನ್ನ ಪಾಳಿಯನ್ನು ಹದ ನೋಡಿ ಹಿಂದಕ್ಕೆ ಹಾಕಿದ್ದಳು, ಎರಡೂ ಮಾದರಿಗಳು ಅದನ್ನು ಸೋಮಾರಿತನ ಎಂದು ಓದಿದ್ದವು. ಮಾದರಿಗಳನ್ನು ಬೈಯುವಂತಿರಲಿಲ್ಲ, ಅವನ್ನು ಓದಿ ಪೂರ್ಣವಿರಾಮ ಹಾಕಿದವಳು ಅವಳೇ.

ಹಳೆಯ ವರದಿಯನ್ನು ಹರಿದು ಹೊಸದು ಬರೆದಳು. ‘ಈ ಮೂವರನ್ನು ಬಿಡಿಸಿ ಅಂಕ ಕೊಡಲು ನನ್ನ ಎರಡು ಮಾದರಿಗಳಿಗೂ ಬರುವುದಿಲ್ಲ. ಚೆಲುವಮ್ಮನವರ ಕೊಡುಗೆ ಸೊನ್ನೆಯಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಷ್ಟು ಎಂದು ಹೇಳಲಾರೆ.’ ಎಷ್ಟು ಎಂದು ಹೇಳಲಾರೆ ಎಂಬ ವಾಕ್ಯವನ್ನು ಅವಳು ಆ ತನಕ ಯಾವ ವರದಿಯಲ್ಲೂ ಬರೆದಿರಲಿಲ್ಲ. ಅದರ ಬೆನ್ನಿಗೇ, ಏಪ್ರಿಲ್‌ನಲ್ಲಿ ಓದಬೇಕಿದ್ದ ಪ್ರಬಂಧವನ್ನು ವಾಪಸು ಪಡೆಯುವ ಪತ್ರವನ್ನೂ ಬರೆದಳು. ಶೀರ್ಷಿಕೆ ಚೆನ್ನಾಗಿತ್ತು, ಅದಕ್ಕಾಗಿ ಸ್ವಲ್ಪ ಹೊಟ್ಟೆ ಉರಿಯಿತು.

ಮೈಸೂರಿನಿಂದ ಉತ್ತರ ಬರಲು ಎರಡು ವಾರ ಹಿಡಿಯಿತು. ನಾಲ್ಕೇ ಸಾಲು. ಮೌಲ್ಯಮಾಪಕಿಯ ಕೆಲಸ ಇಲ್ಲಿಗೆ ಮುಗಿದಿದೆ, ಧನ್ಯವಾದ. ಇಬ್ಬರು ಪಾಸಾಗಿದ್ದಾರೆ. ಚೆಲುವಮ್ಮನವರು ತಿಂಗಳ ಕೊನೆಯ ಶನಿವಾರದೊಳಗೆ ತಮ್ಮ ಸ್ವಂತ ಹೆಸರಿನಲ್ಲಿ ಒಂದು ಪಾಠವನ್ನು ಗುಂಪಿನೊಡನೆ ಮುಗಿಸಿದರೆ ಮೈಸೂರಿನಲ್ಲೇ ಅದನ್ನು ನೋಡಿ ತೀರ್ಮಾನಿಸಲಾಗುವುದು.

ಆ ಶನಿವಾರ ಸುಲೋಚನಮ್ಮ ಮತ್ತೆ ಸಕಲೇಶಪುರದ ಬಸ್ಸು ಹತ್ತಿದಳು. ಸುಮ್ಮನೆ ನೋಡಿ ಬರಲು, ಎಂದು ಗಂಡನಿಗೆ ಹೇಳಿದ್ದಳು. ಪರಮಶಿವಯ್ಯನವರು ಕೊಡೆ ತಂದುಕೊಟ್ಟರು.

ಹೆಗ್ಗದ್ದೆಗೆ ಕಂಪ್ಯೂಟರ್ ಬಂತೋ ಇಲ್ಲವೋ ಎಂದು ಓದುವವರನ್ನು ಕಾಯಿಸುವುದರಲ್ಲಿ ಅರ್ಥವಿಲ್ಲ. ಜುಲೈನಲ್ಲಿ ಬಂತು. ಕಟ್ಟೆ ಎರಡು ಅಂಗುಲ ಕಿರಿದಾಯಿತೆಂದು ಪಕ್ಕಕ್ಕೊಂದು ಹಲಗೆ ಕೊಡಬೇಕಾಯಿತು. ಆದರೆ ಆ ಶನಿವಾರ ಅದು ಬರುವ ಲಕ್ಷಣವೇ ಇರಲಿಲ್ಲ. ವನಗೂರಿನ ಜೀಪು ಏರಿನಲ್ಲಿ ಕೆಟ್ಟು ನಿಂತಿದೆ, ವಸಂತ ಬರುವುದಿಲ್ಲ ಎಂದು ಕೆಳಗಿನ ಪಾತ್ರೆ ಅಂಗಡಿಗೆ ಫೋನು ಬಂದಿತ್ತು. ನಾಲ್ಕು ಗಂಟೆಗೆ ಕರೆಂಟು ಹೋಗುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು. ಆಗಲೇ ಎರಡೂವರೆ. ಮಕ್ಕಳ ಪುಸ್ತಕ ತಿರುವಿ ಲೆಕ್ಕ ಹುಡುಕುವುದೂ ಶಾಂತಮಲ್ಲಪ್ಪನೇ, ಒಂದು ಬೆರಳಿನಲ್ಲಿ ಬರೆಯುವುದೂ ಶಾಂತಮಲ್ಲಪ್ಪನೇ.

“ಅರ್ಧಕ್ಕೆ ನಿಂತ್ರೆ ಏನ್ ಮಾಡ್ತಾರೆ ಮೇಷ್ಟ್ರೇ?” ಎಂದು ಚೆಲುವಮ್ಮ ಕೇಳುತ್ತಿದ್ದಳು.

“ನೀ ಅರ್ಧ ಅನ್ನೋದು ನಿಲ್ಲಿಸಿದ್ರೆ ಪೂರ್ತಿ ಆಯ್ತದೆ. ಹೇಳು.”

ಸುಲೋಚನಮ್ಮ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತು ಆ ಬೆರಳನ್ನು ನೋಡಿದಳು. ಅದು ‘ಕ’ವನ್ನು ಹುಡುಕುತ್ತ ಇಡೀ ಕೀಲಿಮಣೆಯನ್ನು ಒಂದು ಸುತ್ತು ಹಾಕಿ ಬಂತು. ಅವಳು ಪ್ರೌಢ ದರ್ಜೆಯ ಕನ್ನಡ ಟೈಪಿಂಗ್ ಪಾಸು ಮಾಡಿದವಳು. ತನ್ನ ಮಹಾಪ್ರಬಂಧವನ್ನು ಬೇರೆಯವರು ಟೈಪು ಮಾಡಿದರೆ ಹಾಳಾಗುತ್ತದೆಂದು ತಾನೇ ಹೊಡೆದವಳು. ಇಬ್ಬರೂ ಅವಳನ್ನು ಏನೂ ಕೇಳಲಿಲ್ಲ. ಕೇಳಿದರೆ ಏನು ಉತ್ತರ ಬರುತ್ತದೆಂದು ಅವರಿಗೆ ಗೊತ್ತಿದ್ದಿರಬೇಕು. ಅವಳು ಕೊಡೆಯನ್ನು ಬೆಂಚಿನ ಮೇಲಿಟ್ಟು ಎದ್ದಳು.

“ಮೇಷ್ಟ್ರೇ, ನೀವು ಪುಸ್ತಕ ನೋಡಿ. ಆ ಕುರ್ಚಿ ಬಿಡಿ.”

ಶಾಂತಮಲ್ಲಪ್ಪ ಬಿಸಿ ತಾಗಿದವನ ಹಾಗೆ ಎದ್ದ. ತೆರೆಯ ಮೇಲೆ ‘ಚೆಲುವಮ್ಮ, ಹೆಗ್ಗದ್ದೆ’ ಎಂದಿತ್ತು. ಸುಲೋಚನಮ್ಮ ಕೂತು ಹತ್ತೂ ಬೆರಳು ಇಟ್ಟಳು.

“ಹೇಳಿ.”

ಚೆಲುವಮ್ಮ ಗಂಟಲು ಸರಿಮಾಡಿಕೊಂಡಳು. “ಹತ್ತು ಹತ್ತು ಕಡ್ಡಿ ಸೇರಿಸಿ ಕಟ್ಟು ಕಟ್ಟಿಸಿದ್ದೆ. ಮೂವತ್ತೆರಡರಲ್ಲಿ ಏಳು ಕಳೆಯಕ್ಕೆ ಒಂದ್ ಕಟ್ಟು ಬಿಚ್ಚಬೇಕಲ್ಲ, ಮಕ್ಳು ಬಿಚ್ಚಲಿಲ್ಲ. ಕಷ್ಟಪಟ್ಟು ಕಟ್ಟಿದ್ದು, ಬಿಚ್ಚಲ್ಲ ಅಂದ್ವು. ಒಂದು ಮಗು ಅತ್ತೇಬುಡ್ತು. ಅದಕ್ಕೆ ಅವರವರ ಕಟ್ಟು ಪಕ್ಕದೋರ ಕೈಗೆ ಕೊಡ್ಸಿದೆ. ಪಕ್ಕದೋರು ತಟ್ಟನೆ ಬಿಚ್ಚಿದ್ರು. ಲೆಕ್ಕ ಆಯ್ತು.”

ಸುಲೋಚನಮ್ಮನ ಬೆರಳುಗಳು ನಿಂತವು. ಪ್ರತಿ ಮಗುವೂ ತನ್ನ ಕಟ್ಟನ್ನು ತಾನೇ ಬಿಚ್ಚಬೇಕು, ಬೇರೆಯವರು ಮುಟ್ಟಬಾರದು ಎಂದು ಶಿಕ್ಷಕರ ಕೈಪಿಡಿಯಲ್ಲಿ ಕಪ್ಪು ಅಕ್ಷರದಲ್ಲಿ ಅಚ್ಚಾಗಿತ್ತು. ಆ ಕೈಪಿಡಿಯ ಆ ಅಧ್ಯಾಯ ಸುಲೋಚನಮ್ಮನದು. ಶಾಂತಮಲ್ಲಪ್ಪ ಪುಸ್ತಕದಿಂದ ತಲೆ ಎತ್ತಿ, ಮತ್ತೆ ಬೇಗ ತಗ್ಗಿಸಿದ.

“ತಪ್ಪಾಯ್ತಾ ಮೇಡಂ?” ಎಂದಳು ಚೆಲುವಮ್ಮ. “ತಪ್ಪಿದ್ರೆ ತಿದ್ದುಬುಡಿ.”

ಸುಲೋಚನಮ್ಮ ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಹೊಡೆದು ಮುಗಿಸಿದಳು. ಮುಂದಿನ ಸಾಲಿಗೆ ಹೋಗಿ ಕಾದಳು.

“ಆಮೇಲೆ?” ಎಂದಳು. “ಅತ್ತ ಮಗು ಏನು ಮಾಡಿತು?”